ಮೈಲ್ಡ್ ಹೈಬ್ರಿಡ್ ಹ್ಯಾಚ್‌ಬ್ಯಾಕ್: ದೀರ್ಘ ಬಳಕೆಯ ನಂತರ ಮೈಲೇಜ್ ಮತ್ತು ಚಾಲನೆಯ ಅನುಭವ

ಕೆಲವು ವರ್ಷಗಳಿಂದ ನಾನು ಓಡಿಸುತ್ತಿರುವುದು 1.2 ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್ ಹಾಗೂ 12 ವೋಲ್ಟ್‌ನ ಮೈಲ್ಡ್ ಹೈಬ್ರಿಡ್ ವ್ಯವಸ್ಥೆಯಿರುವ, ಸುಮಾರು ಒಂದು ಟನ್ ತೂಕದ ಹ್ಯಾಚ್‌ಬ್ಯಾಕ್ ಕಾರು. ಈ ಕಾರು ನನಗೆ ಇಷ್ಟವಾಗಿದೆ. ಆದರೆ ‘ಹೈಬ್ರಿಡ್’ (ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಕಾರು) ಎಂಬ ಪದವನ್ನು ನೋಡಿ ಕೊಳ್ಳುವವರು ಅದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಜಾಹೀರಾತುಗಳು ಸ್ಪಷ್ಟವಾಗಿ ಹೇಳುವುದಿಲ್ಲ. ಇಂತಹ ಕಾರಿನಲ್ಲಿ ಉಳಿಯುವ ಪೆಟ್ರೋಲಿನ ಹೆಚ್ಚಿನ ಪಾಲು ಬರುವುದು ವಿದ್ಯುತ್ ಮೋಟಾರು ಕಾರನ್ನು ತಳ್ಳುವುದರಿಂದಲ್ಲ. ಎಂಜಿನ್ ನಿಂತಿರುವ ಹೊತ್ತಿನಿಂದ ಮತ್ತು ಚಾಲಕ ವೇಗವನ್ನು ಇಳಿಸುವ ರೀತಿಯಿಂದ. ಈ ವಿಮರ್ಶೆಯಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಮೊದಲು ವ್ಯವಸ್ಥೆಯ ಬಗ್ಗೆ ಸ್ವಲ್ಪ. 1997ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಟೊಯೋಟಾ ಪ್ರಿಯಸ್‌ನಂತಹ ಪೂರ್ಣ ಹೈಬ್ರಿಡ್ ಕಾರುಗಳು ಎಂಜಿನ್ ನಿಂತಿದ್ದರೂ ಮೋಟಾರಿನ ಬಲದಿಂದಲೇ ಸ್ವಲ್ಪ ದೂರ ಸಾಗಬಲ್ಲವು. ಮೈಲ್ಡ್ ಹೈಬ್ರಿಡ್‌ಗೆ ಅದು ಸಾಧ್ಯವಿಲ್ಲ. ಇಲ್ಲಿ ಸಾಮಾನ್ಯ ಕಾರಿನ ಆಲ್ಟರ್ನೇಟರ್ (ವಿದ್ಯುತ್ ಉತ್ಪಾದಿಸುವ ಯಂತ್ರ) ಇರುವ ಜಾಗದಲ್ಲಿ, ಅದೇ ರೀತಿ ಬೆಲ್ಟ್‌ನಿಂದ ಎಂಜಿನ್ನಿಗೆ ಜೋಡಿಸಿದ, ಮೋಟಾರಾಗಿಯೂ ಕೆಲಸ ಮಾಡುವ ಒಂದು ಸ್ಟಾರ್ಟರ್ ಜನರೇಟರ್ ಇರುತ್ತದೆ. ಅದು ಮೂರು ಕೆಲಸ ಮಾಡುತ್ತದೆ: ಕಾರು ನಿಧಾನವಾಗುವಾಗ ವಿದ್ಯುತ್ ಉತ್ಪಾದಿಸುತ್ತದೆ, ನಿಂತ ಎಂಜಿನ್ನನ್ನು ಮತ್ತೆ ಚಾಲೂ ಮಾಡುತ್ತದೆ, ವೇಗ ಹೆಚ್ಚಿಸುವಾಗ ಎಂಜಿನ್ನಿಗೆ ಒಂದಿಷ್ಟು ಆಸರೆ ಕೊಡುತ್ತದೆ. ಸುಜುಕಿ ಕಂಪನಿ 2014ರಲ್ಲಿ ಜಪಾನಿನ ವ್ಯಾಗನ್ ಆರ್ ಕಾರಿನಲ್ಲಿ ಈ ಬಗೆಯ 12 ವೋಲ್ಟ್ ವ್ಯವಸ್ಥೆಯನ್ನು ತಂದ ನಂತರ ಸಣ್ಣ ಕಾರುಗಳಲ್ಲಿ ಇದು ವ್ಯಾಪಕವಾಯಿತು. ಇಂತಹ ವ್ಯವಸ್ಥೆಗಳಲ್ಲಿ ಮೋಟಾರಿನ ಶಕ್ತಿ ಎರಡು–ಮೂರು ಕಿಲೋವ್ಯಾಟ್‌ನ ಆಸುಪಾಸಿನಲ್ಲಿರುತ್ತದೆ. 48 ವೋಲ್ಟ್ ವ್ಯವಸ್ಥೆಗಳಲ್ಲಿ ಹತ್ತು ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು. ನನ್ನ ಕಾರಿನ ಸೀಟಿನಡಿಯಲ್ಲಿರುವ ಲಿಥಿಯಂ ಬ್ಯಾಟರಿಯ ಸಾಮರ್ಥ್ಯ ಸುಮಾರು 0.12 ಕಿಲೋವ್ಯಾಟ್ ಗಂಟೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 9 ಕಿಲೋವ್ಯಾಟ್ ಗಂಟೆ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯವಸ್ಥೆಯ ಮಿತಿ ಅರ್ಥವಾಗುತ್ತದೆ.

ಈಗ ಮೈಲೇಜ್. ಹೆಜ್ಜೆ ಹೆಜ್ಜೆಗೂ ನಿಲ್ಲಬೇಕಾದ ದಟ್ಟ ಸಂಚಾರದಲ್ಲಿ, ಎಸಿ ಹಾಕಿಕೊಂಡು ಓಡಿಸಿದರೆ ಲೀಟರಿಗೆ 14ರಿಂದ 15 ಕಿ.ಮೀ. ಸಿಗುತ್ತದೆ. ಊರೊಳಗೇ ಸಂಚಾರ ಸ್ವಲ್ಪ ಸಡಿಲವಾಗಿದ್ದು, ಸಿಗ್ನಲ್‌ಗಳ ನಡುವೆ ಮೂರನೆಯ, ನಾಲ್ಕನೆಯ ಗೇರಿಗೆ ಹೋಗಲು ಅವಕಾಶವಿದ್ದರೆ 17ರಿಂದ 18. ಹೆದ್ದಾರಿಯಲ್ಲಿ 80 ಕಿ.ಮೀ. ವೇಗವನ್ನು ಕಾಯ್ದುಕೊಂಡರೆ 22 ದಾಟುತ್ತದೆ. ಅದೇ ಹೆದ್ದಾರಿಯಲ್ಲಿ 100–110ರ ವೇಗದಲ್ಲಿ ಹೋದರೆ 18–19ಕ್ಕೆ ಇಳಿಯುತ್ತದೆ. ಇದೇ ಎಂಜಿನ್ ಇರುವ, ಹೈಬ್ರಿಡ್ ಅಲ್ಲದ ಕಾರೊಂದು ನಮ್ಮ ಮನೆಯಲ್ಲೇ ಇರುವುದರಿಂದ ಹೋಲಿಸಲು ಅನುಕೂಲವಾಯಿತು. ಊರೊಳಗೆ ನನ್ನ ಕಾರು ಅದಕ್ಕಿಂತ ಲೀಟರಿಗೆ ಒಂದೂವರೆ ಕಿ.ಮೀ.ನಷ್ಟು ಹೆಚ್ಚು ಕೊಡುತ್ತದೆ. ಹೆದ್ದಾರಿಯಲ್ಲಿ ಎರಡರ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ.

ಈ ಲೆಕ್ಕಗಳೆಲ್ಲ ಟ್ಯಾಂಕ್ ತುಂಬಿಸಿ ಅಳೆದವು. ಪೆಟ್ರೋಲ್ ಪಂಪಿನ ನಳಿಕೆ ಮೊದಲ ಸಲ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಮುಂದಿನ ಸಲವೂ ಹಾಗೆಯೇ ತುಂಬಿಸಿ, ಓಡಿದ ದೂರವನ್ನು ತುಂಬಿದ ಲೀಟರುಗಳಿಂದ ಭಾಗಿಸುವುದು ಹಳೆಯ ವಿಧಾನವಾದರೂ ಅತ್ಯಂತ ನಂಬಲರ್ಹ ವಿಧಾನ. ಒಂದೇ ಸಲದ ಅಳತೆಯನ್ನು ಮಾತ್ರ ನಂಬಬಾರದು. ಟ್ಯಾಂಕ್ ತುಂಬುವ ಮಟ್ಟದಲ್ಲಿ ಆಗುವ ಸಣ್ಣ ವ್ಯತ್ಯಾಸವೂ ಒಂದು ಕಿ.ಮೀ.ನಷ್ಟು ತಪ್ಪು ತೋರಿಸಬಲ್ಲದು. ಕಾರಿನ ಪರದೆಯ ಮೇಲೆ ಕಾಣುವ ಸರಾಸರಿ ನನ್ನ ಕಾರಿನಲ್ಲಿ ನಿಜಕ್ಕಿಂತ ನೂರಕ್ಕೆ ಐದರಷ್ಟು ಹೆಚ್ಚೇ ಇರುತ್ತದೆ. ಇನ್ನೊಂದು ಎಚ್ಚರಿಕೆ: ಬೇರೆ ಬೇರೆ ಪ್ರಯಾಣಗಳ ಮೈಲೇಜನ್ನು ಕೂಡಿಸಿ ಭಾಗಿಸಿದರೆ ಸರಿಯಾದ ಉತ್ತರ ಬರುವುದಿಲ್ಲ. ಮೊದಲ 100 ಕಿ.ಮೀ. ಲೀಟರಿಗೆ 15ರಂತೆ, ಮುಂದಿನ 100 ಕಿ.ಮೀ. ಲೀಟರಿಗೆ 22ರಂತೆ ಓಡಿದ ಕಾರಿನ ಒಟ್ಟು ಮೈಲೇಜ್ 18.5 ಅಲ್ಲ, 17.8.

ಕಂಪನಿ ಘೋಷಿಸಿದ ಅಂಕಿ ನಮ್ಮ ರಸ್ತೆಯಲ್ಲಿ ಏಕೆ ಸಿಗುವುದಿಲ್ಲ ಎಂದು ಹಲವರು ಕೇಳುತ್ತಾರೆ. ಅದು ಪ್ರಯೋಗಾಲಯದಲ್ಲಿ, ರೋಲರ್‌ಗಳ ಮೇಲೆ, ನಿಗದಿತ ವೇಗಗಳ ಕ್ರಮದಲ್ಲಿ ಪಡೆದ ಅಂಕಿ. ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆ ಸುಮಾರು 11 ಕಿ.ಮೀ. ದೂರದ್ದು, ಇಪ್ಪತ್ತು ನಿಮಿಷಕ್ಕೂ ಕಡಿಮೆ ಅವಧಿಯ ಆ ಪರೀಕ್ಷೆಯಲ್ಲಿ ಸುಮಾರು ಕಾಲು ಭಾಗದಷ್ಟು ಹೊತ್ತು ಕಾರು ನಿಂತೇ ಇರುತ್ತಿತ್ತು. ನಿಂತಾಗ ಎಂಜಿನ್ ಆರಿಸುವ ಕಾರಿಗೆ ಅದು ಬಹಳ ಅನುಕೂಲಕರ. 2017ರಿಂದ ಅದರ ಜಾಗಕ್ಕೆ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆ 30 ನಿಮಿಷದ್ದು, ದೂರ 23 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಗರಿಷ್ಠ ವೇಗ 131 ಕಿ.ಮೀ.; ನಿಂತಿರುವ ಹೊತ್ತು ಇಲ್ಲಿ ಎಂಟನೆಯ ಒಂದು ಭಾಗದಷ್ಟು ಮಾತ್ರ. ಹಾಗಾಗಿ ಇದರ ಅಂಕಿ ವಾಸ್ತವಕ್ಕೆ ಹೆಚ್ಚು ಹತ್ತಿರ. ಆದರೂ ಎರಡೂ ಪರೀಕ್ಷೆಗಳಲ್ಲಿ ಎಸಿ ಆಫ್ ಆಗಿರುತ್ತದೆ. ಬಿಸಿಲಿನಲ್ಲಿ ಓಡಿಸುವವರಿಗೆ ಈ ಒಂದೇ ಕಾರಣ ಸಾಕು.

ಇನ್ನು ಉಳಿತಾಯ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ಇಂತಹ ಸಣ್ಣ ಪೆಟ್ರೋಲ್ ಎಂಜಿನ್ ನಿಂತಲ್ಲೇ ಓಡುತ್ತಿದ್ದರೆ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಒಂದು ಗಂಟೆಯ ಪ್ರಯಾಣದಲ್ಲಿ ಕಾಲು ಗಂಟೆ ಸಿಗ್ನಲ್‌ಗಳಲ್ಲೇ ಕಳೆದುಹೋದರೆ, ಆ ಹೊತ್ತು ಎಂಜಿನ್ ಆರಿದ್ದರಿಂದ ಸುಮಾರು 150 ಮಿಲಿ ಲೀಟರ್ ಉಳಿಯುತ್ತದೆ. ಆ ಒಂದು ಗಂಟೆಯ ಒಟ್ಟು ಖರ್ಚು ಒಂದೂವರೆ ಲೀಟರಿಗೂ ಕಡಿಮೆ ಇರುವಾಗ ಇದು ಸಣ್ಣ ಮೊತ್ತವಲ್ಲ. ಆದರೆ ಈ ಭಾಗದ ಉಳಿತಾಯ, ಬರೀ ಸ್ಟಾರ್ಟ್-ಸ್ಟಾಪ್ (ಕಾರು ನಿಂತಾಗ ಎಂಜಿನ್ ತಾನಾಗಿ ಆರಿ, ಹೊರಡುವಾಗ ಮತ್ತೆ ಚಾಲೂ ಆಗುವ ವ್ಯವಸ್ಥೆ) ಇರುವ ಹೈಬ್ರಿಡ್ ಅಲ್ಲದ ಕಾರಿನಲ್ಲೂ ಸಿಗುತ್ತದೆ ಎಂಬುದನ್ನು ಮರೆಯಬಾರದು.

ಹೈಬ್ರಿಡ್‌ನದೇ ಎನ್ನಬಹುದಾದ ಲಾಭ ಇರುವುದು ಬ್ರೇಕಿನ ವೇಳೆಯಲ್ಲಿ. ಒಂದು ಟನ್ ತೂಕದ ಕಾರು 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 139 ಕಿಲೋ ಜೂಲ್. ಜನರೇಟರ್ ಎರಡು ಕಿಲೋವ್ಯಾಟ್‌ನಷ್ಟನ್ನು ಮಾತ್ರ ಹಿಡಿಯಬಲ್ಲದು, ಅಂದರೆ ಸೆಕೆಂಡಿಗೆ ಎರಡು ಕಿಲೋ ಜೂಲ್. ಆರು ಸೆಕೆಂಡಿನಲ್ಲಿ ಕಾರನ್ನು ನಿಲ್ಲಿಸಿದರೆ ಬ್ಯಾಟರಿಗೆ ಹೋಗುವುದು ಹೆಚ್ಚೆಂದರೆ 12 ಕಿಲೋ ಜೂಲ್. ಉಳಿದದ್ದೆಲ್ಲ ಬ್ರೇಕ್ ಡಿಸ್ಕಿನಲ್ಲಿ, ಎಂಜಿನ್ನಿನ ಘರ್ಷಣೆಯಲ್ಲಿ ಬಿಸಿಯಾಗಿ ಹೋಗುತ್ತದೆ. ಅದೇ ಕಾರನ್ನು ಹನ್ನೆರಡು ಸೆಕೆಂಡಿನಲ್ಲಿ ನಿಲ್ಲಿಸಿದರೆ ಮರಳಿ ಸಿಗುವುದು ಎರಡರಷ್ಟು. ಬ್ರೇಕನ್ನು ಎಷ್ಟು ಒತ್ತಿ ತುಳಿದರೂ ಹೆಚ್ಚು ಶಕ್ತಿ ಬರುವುದಿಲ್ಲ. ಎಷ್ಟು ಹೊತ್ತು ನಿಧಾನವಾಗಿ ವೇಗ ಇಳಿಸುತ್ತೀರಿ ಎಂಬುದೇ ಲೆಕ್ಕಕ್ಕೆ ಬರುವುದು. ಹೀಗೆ ಸಿಕ್ಕ ವಿದ್ಯುತ್ತಿನ ಬಹುಪಾಲು ದೀಪ, ಎಸಿಯ ಫ್ಯಾನ್, ಪರದೆ ಮತ್ತು ಇತರ ಉಪಕರಣಗಳಿಗೆ ವೆಚ್ಚವಾಗುತ್ತದೆ. ಅಷ್ಟರಮಟ್ಟಿಗೆ ಎಂಜಿನ್ ಬೆಲ್ಟ್ ಮೂಲಕ ಜನರೇಟರನ್ನು ತಿರುಗಿಸುವ ಹೊರೆ ಕಡಿಮೆಯಾಗುತ್ತದೆ. ಚಕ್ರಕ್ಕೆ ತಲುಪುವ ಆಸರೆಗಿಂತ ಈ ಹೊರೆ ತಗ್ಗುವುದೇ ದಿನನಿತ್ಯದ ಓಡಾಟದಲ್ಲಿ ಹೆಚ್ಚು ಉಪಯುಕ್ತವೆಂದು ನನಗನಿಸಿದೆ.

ಇದು ಪರದೆಯ ಮೇಲೆ ಹೇಗೆ ಕಾಣುತ್ತದೆ ಎಂದರೆ: ದೂರದಲ್ಲಿ ಕೆಂಪು ದೀಪ ಕಂಡೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಗೇರಿನಲ್ಲೇ ಬಿಟ್ಟರೆ, ಚಕ್ರದಿಂದ ಬ್ಯಾಟರಿಯ ಕಡೆಗೆ ಬಾಣದ ಗುರುತು ಮೂಡುತ್ತದೆ, ಯಾರೋ ಹಿಂದಿನಿಂದ ಮೆಲ್ಲಗೆ ಹಿಡಿದೆಳೆದಂತೆ ಕಾರು ವೇಗ ಕಳೆದುಕೊಳ್ಳುತ್ತದೆ. ಬ್ರೇಕನ್ನು ಹಗುರವಾಗಿ ಮುಟ್ಟಿದರೆ ಆ ಎಳೆತ ಇನ್ನೊಂದಿಷ್ಟು ಹೆಚ್ಚುತ್ತದೆ. ಆ ಹೊತ್ತಿನಲ್ಲಿ ಕ್ಲಚ್ ಒತ್ತಿದರೆ ಬಾಣ ತಟ್ಟನೆ ಮಾಯ. ಏಕೆಂದರೆ ಜನರೇಟರ್ ಇರುವುದು ಎಂಜಿನ್ನಿನ ಬೆಲ್ಟಿನಲ್ಲಿ. ಕ್ಲಚ್ ಒತ್ತಿದ ಕೂಡಲೇ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ತಪ್ಪುತ್ತದೆ, ವಿದ್ಯುತ್ ಉತ್ಪಾದನೆ ನಿಲ್ಲುತ್ತದೆ, ಗೇರಿನಲ್ಲಿ ವೇಗ ಇಳಿಯುವಾಗ ನಿಂತಿದ್ದ ಪೆಟ್ರೋಲ್, ಎಂಜಿನ್ ಓಡುತ್ತಿರಲೆಂದು ಮತ್ತೆ ಹರಿಯಲು ಶುರುವಾಗುತ್ತದೆ. ಮೈಲೇಜ್ ಉಳಿಸಲು ನ್ಯೂಟ್ರಲ್‌ನಲ್ಲಿ ಜಾರಿಸಿಕೊಂಡು ಹೋಗುವ ಅಭ್ಯಾಸ ಅನೇಕರಿಗಿದೆ. ಮುಂದೆ ಹೇಗೂ ನಿಲ್ಲಲೇಬೇಕು ಎಂದಿರುವಾಗ ಈ ಕಾರಿನಲ್ಲಿ ಆ ಅಭ್ಯಾಸದಿಂದ ಆಗುವುದು ನಷ್ಟವೇ, ಸುರಕ್ಷತೆಯ ದೃಷ್ಟಿಯಿಂದಲೂ ಅದು ಸರಿಯಲ್ಲ. ಎಂಜಿನ್ ನಡುಗುವ ಹಂತ ಸಮೀಪಿಸಿದಾಗ ಮಾತ್ರ ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟರೆ ಎಂಜಿನ್ ಆರುತ್ತದೆ.

ಮತ್ತೆ ಹೊರಡಲು ಕ್ಲಚ್ ಒತ್ತಿದಾಗ ಎಂಜಿನ್ ಚಾಲೂ ಆಗುವ ರೀತಿ ಈ ಕಾರಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ. ಹಲ್ಲುಚಕ್ರದ ಸ್ಟಾರ್ಟರಿನ ಕರ್ಕಶ ಸದ್ದಿಲ್ಲ, ಸ್ಟೀರಿಂಗಿನಲ್ಲಿ ಅದುರುವಿಕೆ ಇಲ್ಲ. ಬೆಲ್ಟ್ ನಯವಾಗಿ ತಿರುಗಿ, ಗೇರ್ ಹಾಕುವಷ್ಟರಲ್ಲಿ ಎಂಜಿನ್ ಸಿದ್ಧವಾಗಿರುತ್ತದೆ. ಸದ್ದಿನಿಂದ ಬೇಸತ್ತು ಸ್ಟಾರ್ಟ್-ಸ್ಟಾಪ್ ಗುಂಡಿಯನ್ನು ದಿನವೂ ಆಫ್ ಮಾಡಿಕೊಳ್ಳುವವರು ಬೇರೆ ಕಾರುಗಳಲ್ಲಿ ಬಹಳ ಮಂದಿ. ಇಲ್ಲಿ ಅದರ ಅಗತ್ಯವೇ ಬೀಳಲಿಲ್ಲ.

ಮೋಟಾರಿನ ಆಸರೆ ಅನುಭವಕ್ಕೆ ಬರುವುದು ಕೆಳ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು ಕಡಿಮೆ ಇರುವಾಗ) ಮಾತ್ರ. ಮೂರನೆಯ ಗೇರಿನಲ್ಲಿ 30 ಕಿ.ಮೀ. ವೇಗದಿಂದ ಮುಂದಕ್ಕೆ ಹೋಗುವಾಗ, ಹೈಬ್ರಿಡ್ ಅಲ್ಲದ ಕಾರು ಕ್ಷಣ ಹೊತ್ತು ತಡವರಿಸುವ ಕಡೆ, ಇದು ತಡವರಿಸದೆ ಸಾಗುತ್ತದೆ. ಒಂದು ಗೇರ್ ಕೆಳಗಿಳಿಸುವ ಕೆಲಸ ಹಲವು ಸಲ ತಪ್ಪುತ್ತದೆ. ಓವರ್‌ಟೇಕ್ ಮಾಡಲು ಎಂಜಿನ್ನನ್ನು ನಾಲ್ಕು ಸಾವಿರ ಆರ್‌ಪಿಎಂ ದಾಟಿಸಿದಾಗ ಮೋಟಾರ್ ಇದ್ದೂ ಇಲ್ಲದಂತೆಯೇ. ವೇಗದ ಚಾಲನೆಯ ಖುಷಿಗಾಗಿ ಮೈಲ್ಡ್ ಹೈಬ್ರಿಡ್ ಬೇಕೆನ್ನುವವರು 48 ವೋಲ್ಟ್ ವ್ಯವಸ್ಥೆಯ ಕಾರನ್ನು ನೋಡುವುದೊಳಿತು.

ಎಸಿಯ ವಿಷಯದಲ್ಲಿ ನನಗೆ ಅಸಮಾಧಾನವಿದೆ. ಗಾಳಿಯನ್ನು ತಂಪು ಮಾಡಲು ಬೇಕಾದ ಕಂಪ್ರೆಸರ್ ಎಂಜಿನ್ನಿನ ಬೆಲ್ಟಿಗೇ ಜೋಡಣೆಯಾಗಿರುವುದರಿಂದ ಎಂಜಿನ್ ಆರಿದೊಡನೆ ಗಾಳಿ ತಂಪಾಗುವುದೂ ನಿಲ್ಲುತ್ತದೆ. ಮೊದಲ ಅರ್ಧ ನಿಮಿಷ ತಿಳಿಯುವುದಿಲ್ಲ, ಆಮೇಲೆ ಗಾಳಿ ಬೆಚ್ಚಗಾಗಿ, ತೇವದ ವಾಸನೆ ಬರತೊಡಗುತ್ತದೆ. ಒಳಗಿನ ಉಷ್ಣಾಂಶ ಏರಿದಾಗ ಸಿಗ್ನಲ್ ಹಸಿರಾಗುವ ಮೊದಲೇ ಎಂಜಿನ್ ತಾನಾಗಿ ಚಾಲೂ ಆಗುತ್ತದೆ. ಕಡು ಬೇಸಿಗೆಯಲ್ಲಂತೂ ಎಂಜಿನ್ ಆರುವುದೇ ಅಪರೂಪ, ಆ ತಿಂಗಳುಗಳಲ್ಲಿ ಊರೊಳಗಿನ ಮೈಲೇಜ್ ಹೈಬ್ರಿಡ್ ಅಲ್ಲದ ಕಾರಿನ ಮಟ್ಟಕ್ಕೆ ಸಮೀಪಿಸುತ್ತದೆ. ಎಂಜಿನ್ ಇನ್ನೂ ಬಿಸಿಯಾಗಿರದ ಎರಡು ಮೂರು ಕಿ.ಮೀ. ಓಡಾಟದಲ್ಲೂ ಇದೇ ಕಥೆ.

ಬೆಟ್ಟದ ದಾರಿಯಲ್ಲಿ ಬ್ಯಾಟರಿ ಎಷ್ಟು ಸಣ್ಣದೆಂಬುದು ಕಣ್ಣಿಗೇ ಕಾಣುತ್ತದೆ. 500 ಮೀಟರ್ ಎತ್ತರದಿಂದ ಕೆಳಗಿಳಿಯುವ ಒಂದು ಟನ್ ಕಾರು ಬಿಟ್ಟುಕೊಡುವ ಶಕ್ತಿ ಸುಮಾರು 1.36 ಕಿಲೋವ್ಯಾಟ್ ಗಂಟೆ, ಅಂದರೆ ಬ್ಯಾಟರಿಯ ಪೂರ್ಣ ಸಾಮರ್ಥ್ಯದ ಹನ್ನೊಂದು ಪಟ್ಟು. ಇಳಿಜಾರಿನ ಆರಂಭದಲ್ಲೇ ಬ್ಯಾಟರಿಯ ಎಲ್ಲ ಗೆರೆಗಳು ತುಂಬಿ, ಬಾಣದ ಗುರುತು ಆರಿಹೋಗುತ್ತದೆ, ಅಲ್ಲಿಂದ ಮುಂದೆ ಕಾರನ್ನು ಹಿಡಿದಿಡುವುದು ಕೆಳ ಗೇರು ಮತ್ತು ಬ್ರೇಕುಗಳೇ. ಹೆದ್ದಾರಿಯಲ್ಲಿ ವ್ಯವಸ್ಥೆಗೆ ಕೆಲಸವೇ ಇರುವುದಿಲ್ಲ. ಅಲ್ಲಿ ಎದುರಿಸಬೇಕಾದದ್ದು ಗಾಳಿಯನ್ನು; 80ರಿಂದ 100ಕ್ಕೆ ಹೋದರೆ ಗಾಳಿಯ ಪ್ರತಿರೋಧ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಟೈರಿನ ಗಾಳಿಯ ಒತ್ತಡವನ್ನು ಸರಿಯಾಗಿಟ್ಟುಕೊಂಡು ವೇಗವನ್ನು ಹತ್ತು ಕಿ.ಮೀ. ತಗ್ಗಿಸಿದರೆ ಆಗುವ ಉಳಿತಾಯ, ಹೆದ್ದಾರಿಯಲ್ಲಿ ಯಾವ ಮೈಲ್ಡ್ ಹೈಬ್ರಿಡ್ ವ್ಯವಸ್ಥೆ ಮಾಡುವ ಉಳಿತಾಯಕ್ಕಿಂತಲೂ ದೊಡ್ಡದು.

ನಿರ್ವಹಣೆಯಲ್ಲಿ ಲಿಥಿಯಂ ಬ್ಯಾಟರಿ ಈವರೆಗೆ ತೊಂದರೆ ಕೊಟ್ಟಿಲ್ಲ. ಬಾನೆಟ್ಟಿನೊಳಗಿನ ಸೀಸದ ಬ್ಯಾಟರಿಯನ್ನು ಒಮ್ಮೆ ಬದಲಾಯಿಸಬೇಕಾಯಿತು. ಪದೇಪದೇ ಆರಿ ಚಾಲೂ ಆಗುವ ಕಾರುಗಳಿಗೆಂದೇ ತಯಾರಾದ ಬಗೆಯ ಬ್ಯಾಟರಿಯೇ ಬೇಕು. ಅಗ್ಗವೆಂದು ಸಾಮಾನ್ಯ ಬ್ಯಾಟರಿ ಹಾಕಿಸಿದರೆ ಅದು ಬೇಗ ಸೋಲುತ್ತದೆ. ಬ್ಯಾಟರಿ ದುರ್ಬಲವಾದಾಗ ಸಿಗುವ ಮೊದಲ ಸೂಚನೆ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡುವುದನ್ನು ಬಿಡುವುದು, ಹಾಗಾಗಿ ಹವೆ ತಂಪಾಗಿದ್ದಾಗಲೂ ಎಂಜಿನ್ ಆರದಿದ್ದರೆ ಮೊದಲು ಇದನ್ನೇ ಪರೀಕ್ಷೆ ಮಾಡಿಸಬೇಕು. ಬೆಲ್ಟ್ ಮತ್ತು ಅದನ್ನು ಬಿಗಿಯಾಗಿಡುವ ಟೆನ್ಷನರ್ ಇಲ್ಲಿ ಸಾಮಾನ್ಯ ಕಾರಿಗಿಂತ ಹೆಚ್ಚು ದುಡಿಯುತ್ತವೆ. ಪ್ರತಿ ಸರ್ವಿಸಿನಲ್ಲೂ ಬಿರುಕು, ಸಡಿಲಿಕೆ ಇದೆಯೇ ಎಂದು ನೋಡಲು ನಾನು ತಪ್ಪದೆ ಹೇಳುತ್ತೇನೆ.

ಓಡಾಟದ ಬಹುಪಾಲು ಊರೊಳಗೇ ಇರುವವರಿಗೆ, ಹೈಬ್ರಿಡ್‌ಗೆ ತೆರಬೇಕಾದ ಹೆಚ್ಚುವರಿ ಬೆಲೆ ಅಲ್ಪವಾಗಿದ್ದರೆ, ಈ ಕಾರನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರಿಗೆ ಅದೇ ಎಂಜಿನ್ನಿನ ಸಾಮಾನ್ಯ ಮಾದರಿ ಸಾಕು. ಟೆಸ್ಟ್ ಡ್ರೈವ್‌ಗೆ ಹೋದಾಗ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುವುದರಿಂದ ಪ್ರಯೋಜನವಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ, ಎಸಿ ಹಾಕಿಸಿಕೊಂಡು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ದಟ್ಟ ಸಂಚಾರದ ರಸ್ತೆಗೇ ಕಾರನ್ನು ಒಯ್ಯಬೇಕು. ಸಿಗ್ನಲ್‌ನಲ್ಲಿ ಎಂಜಿನ್ ಎಷ್ಟು ಹೊತ್ತು ಆರಿರುತ್ತದೆ, ಮೂರನೆಯ ಗೇರಿನಲ್ಲಿ 30ರಿಂದ ಹೇಗೆ ಎಳೆಯುತ್ತದೆ, ಕಾಲು ತೆಗೆದಾಗ ಆಗುವ ಎಳೆತ ನಿಮ್ಮ ಚಾಲನೆಗೆ ಒಗ್ಗುತ್ತದೆಯೇ ಎಂಬ ಮೂರನ್ನೂ ಅಲ್ಲೇ ನೋಡಿಕೊಳ್ಳಬೇಕು.