ರಸ್ತೆಯಿಲ್ಲದ ಊರಿಗೆ ಬೂಟು ಕಟ್ಟಿ: ವಿಟ್ರೋಪ್‌ನಿಂದ ರಿಕಾರ್ಟನ್ ಜಂಕ್ಷನ್

ಮೊದಲೇ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ರಿಕಾರ್ಟನ್ ಜಂಕ್ಷನ್‌ನಲ್ಲಿ ರೈಲು ಬರುವುದಿಲ್ಲ, ಕಾಫಿ ಸಿಗುವುದಿಲ್ಲ, ಶೌಚಾಲಯ ಇಲ್ಲ, ನನ್ನ ಫೋನಿಗೆ ಸಿಗ್ನಲ್ಲೂ ಸಿಗಲಿಲ್ಲ. ಆದರೂ 5ಕ್ಕೆ 4 ನಕ್ಷತ್ರ. ಕಳೆದ ಆ ಒಂದು ನಕ್ಷತ್ರ ನನ್ನ ಬೂಟಿನ ಲೆಕ್ಕ.

ಮಗಳು ಎಡಿನ್‌ಬರೋದಲ್ಲಿದ್ದಾಳೆ. ಹಾಯಿಕ್ ಊರು ದಾಟಿ ಕಾರಿನಲ್ಲಿ ವಿಟ್ರೋಪ್‌ಗೆ ಹೋದೆವು. ಅಲ್ಲಿ ಹಳೆಯ ರೈಲು ದಾರಿಯ ನೆನಪಿಗೆಂದು ಸ್ವಯಂಸೇವಕರು ನಡೆಸುವ ಒಂದು ಪುಟ್ಟ ಕೇಂದ್ರವಿದೆ. ಬೇಸಿಗೆಯ ವಾರಾಂತ್ಯ ನೋಡಿಕೊಂಡು, ತೆರೆದಿದೆಯೇ ಎಂದು ಕೇಳಿಕೊಂಡೇ ಹೋಗಿ. ಪಕ್ಕದಲ್ಲೇ 1,208 ಗಜದ ವಿಟ್ರೋಪ್ ಸುರಂಗ. ಒಳಗೆ ಕುಸಿದಿರುವುದರಿಂದ ಹೊರಗಿನಿಂದಲೇ ನೋಡಿ ತೃಪ್ತಿಪಡಬೇಕು. ಅಲ್ಲಿಂದ ಹಳೆಯ ಹಳಿದಾರಿ ಹಿಡಿದು ಸುಮಾರು ಎರಡು ಮೈಲಿ ಇಳಿದರೆ ರಿಕಾರ್ಟನ್. ಇಳಿಜಾರು 75ಕ್ಕೆ 1, ಅಂದರೆ 75 ಅಡಿ ಸಾಗಿದರೆ ಒಂದು ಅಡಿ ಇಳಿತ. ಹೋಗುವಾಗ ಗೊತ್ತೇ ಆಗುವುದಿಲ್ಲ, ಬರುವಾಗ ಮೊಣಕಾಲು ನೆನಪಿಸುತ್ತದೆ. ಕೆಸರು ಮಾತ್ರ ಎರಡೂ ಕಡೆಗೆ ಸಮಾನ.

ಇಷ್ಟು ದೂರ ನಡೆದದ್ದು ಯಾಕೆಂದರೆ, ಈ ಊರಿಗೆ ನೂರು ವರ್ಷ ರಸ್ತೆಯೇ ಇರಲಿಲ್ಲ! 1862ರ ಜುಲೈ 1ರಂದು ನಾರ್ತ್ ಬ್ರಿಟಿಷ್ ರೈಲ್ವೆ ಹಾಯಿಕ್‌ನಿಂದ ಕಾರ್ಲೈಲ್‌ವರೆಗೆ ದಾರಿ ತೆರೆದಾಗ, ಹೆಕ್ಸಮ್ ಕಡೆಯಿಂದ ಬಂದ ಇನ್ನೊಂದು ದಾರಿ ಈ ಬೋಳುಗುಡ್ಡದಲ್ಲಿ ಅದನ್ನು ಕೂಡಿಕೊಂಡಿತು. ಕೂಡುವ ಜಾಗ ಎಂದ ಮೇಲೆ ಎಂಜಿನ್ ಶೆಡ್ ಬೇಕು, ಶೆಡ್ ಎಂದ ಮೇಲೆ ಜನ ಬೇಕು, ಜನಕ್ಕೆ ಕ್ವಾರ್ಟರ್ಸ್ ಬೇಕು. ಹಾಗೆ ಹುಟ್ಟಿದ ಊರು ಇದು. ಕೋ-ಆಪರೇಟಿವ್ ಅಂಗಡಿ ಇದ್ದದ್ದು ಪ್ಲಾಟ್‌ಫಾರಂ ಮೇಲೆ. ಸ್ಟೇಷನ್ನಿನ ರಿಫ್ರೆಶ್‌ಮೆಂಟ್ ರೂಮೇ ಊರಿನ ಪಬ್ಬು. ಚಿಕ್ಕ ಮಕ್ಕಳಿಗೆ ಅಲ್ಲೇ ಶಾಲೆ, ದೊಡ್ಡವರಾದರೆ ರೈಲು ಹತ್ತಿ ಹೊರಗೆ.

ನನಗೆ ಇದು ಹೊಸದೇನಲ್ಲ. ಅಪ್ಪ ಮೀಟರ್‌ಗೇಜ್ ಕಾಲದಲ್ಲಿ ಕ್ಯಾಸಲ್‌ರಾಕ್ ಕೆಳಗಿನ ಘಾಟಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. 37ಕ್ಕೆ 1ರ ಏರು, ಸುತ್ತ ಕಾಡು. ಬೇಸಿಗೆ ರಜೆಗೆ ಹೋದರೆ ತರಕಾರಿ ಬರುವುದೂ ರೈಲಿನಲ್ಲೇ, ಜ್ವರ ಬಂದರೆ ನಾವು ಹೋಗುವುದೂ ರೈಲಿನಲ್ಲೇ. ಗಾಡಿ ಲೇಟಾದರೆ ಅವ್ವ ಸಾರಿಗೆ ಹುಣಸೆಹಣ್ಣು ಕಿವುಚಿ ಸುಮ್ಮನಾಗುತ್ತಿದ್ದಳು, ಬೇಳೆ ಗಾರ್ಡ್ ಡಬ್ಬಿಯಲ್ಲಿದೆ ಎನ್ನುತ್ತಾ. ರಿಕಾರ್ಟನ್ನಿನ ಹೆಂಗಸರೂ ಕೋ-ಆಪ್ ಸಾಮಾನಿಗೆ ಹೀಗೇ ಕಾಯ್ದಿರಬೇಕು, ಹುಣಸೆಹಣ್ಣೊಂದು ಬಿಟ್ಟು.

ಊರು ಬರಿದಾದದ್ದು ಒಮ್ಮೆಲೇ ಅಲ್ಲ. 1956ರಲ್ಲಿ ಹೆಕ್ಸಮ್ ಕಡೆಯ ಪ್ರಯಾಣಿಕರ ಗಾಡಿ ನಿಂತಿತು. ಎರಡು ವರ್ಷಕ್ಕೆ ಗೂಡ್ಸ್ ಕೂಡ. ಅಲ್ಲಿಗೆ ಜಂಕ್ಷನ್ ಎಂಬುದು ಬೋರ್ಡಿನ ಮೇಲಿನ ಮಾತಾಯಿತು. ಆ ದಾರಿಯ ಒಂದು ಭಾಗ ಮುಂದೆ ಕೀಲ್ಡರ್ ಜಲಾಶಯದಲ್ಲಿ ಮುಳುಗಿತು. 1963ರಲ್ಲಿ ಅರಣ್ಯ ಇಲಾಖೆಯವರು ಕಡೆಗೂ ಒಂದು ರಸ್ತೆ ಮಾಡಿದರು. ಅದೇ ವರ್ಷ ನಷ್ಟದ ರೈಲು ದಾರಿಗಳನ್ನು ಮುಚ್ಚಿ ಎಂದ ಬೀಚಿಂಗ್ ವರದಿ ಬಂದು, ಈ ಊರಿನ ಮೇಲೆ ಹಾಯುವ ಎಡಿನ್‌ಬರೋ–ಕಾರ್ಲೈಲ್ ದಾರಿಯನ್ನು ಮುಚ್ಚಬೇಕಾದವುಗಳ ಪಟ್ಟಿಗೆ ಸೇರಿಸಿತು. ರಸ್ತೆ ಬಂತು, ಸಾಮಾನು ಕಟ್ಟಿಕೊಂಡು ಹೋಗುವುದಕ್ಕೆ ಅನುಕೂಲವಾಯಿತು ಅನ್ನಿ.

1969ರ ಜನವರಿ 5ರ ರಾತ್ರಿ, ದಾರಿ ಮುಚ್ಚುವ ಮುನ್ನ ಲಂಡನ್ನಿಗೆ ಹೊರಟಿದ್ದ ಕೊನೆಯ ಸ್ಲೀಪರ್ ಗಾಡಿ ಇಲ್ಲಿಂದ ಕೆಳಗಿಳಿದು ನ್ಯೂಕ್ಯಾಸಲ್‌ಟನ್ ತಲುಪಿದಾಗ, ಊರವರು ಲೆವೆಲ್ ಕ್ರಾಸಿಂಗ್ ಗೇಟು ಹಾಕಿ ಅಡ್ಡ ನಿಂತರು. ಚರ್ಚಿನ ಪಾದ್ರಿಯನ್ನೇ ಪೊಲೀಸರು ಹಿಡಿದರು. ಅದೇ ಗಾಡಿಯಲ್ಲಿದ್ದ ಸಂಸದ ಡೇವಿಡ್ ಸ್ಟೀಲ್ ಇಳಿದು ಬಂದು ರಾಜಿ ಮಾಡಿಸಿದರು. ಕೇಳಿದಾಗ ನನಗೆ ನಮ್ಮೂರ ರೈಲ್ ರೋಕೋ ನೆನಪಾಯಿತು, ಥರಗುಟ್ಟುವ ಚಳಿ ಒಂದು ಹೆಚ್ಚು.

ಈಗ ಏನಿದೆ? ಮತ್ತೆ ಎದ್ದು ನಿಂತ ಪ್ಲಾಟ್‌ಫಾರಂ, ಹೆಸರಿನ ಫಲಕ, ಸುತ್ತ ನೆಟ್ಟ ಸೂಚಿಪರ್ಣಿ ಕಾಡು. ಸ್ಟೇಷನ್ ಮಾಸ್ಟರ್ ಮನೆ ಉಳಿದಿದೆ. ಅದು ಖಾಸಗಿ, ಇಣುಕಬೇಡಿ. ಎಡಿನ್‌ಬರೋ ಕಡೆಯಿಂದ 2015ರಲ್ಲಿ ರೈಲು ಮರಳಿ ಬಂದಿದ್ದರೂ ಟ್ವೀಡ್‌ಬ್ಯಾಂಕ್‌ಗೆ ನಿಂತಿದೆ, ಹಾಯಿಕ್ ಕೂಡ ಮುಟ್ಟಿಲ್ಲ.

ಬುತ್ತಿ ಕಟ್ಟಿಕೊಂಡೇ ಹೋಗಿ. ಪ್ಲಾಟ್‌ಫಾರಮ್ಮಿನ ಅಂಚಿಗೆ ಕಾಲು ಇಳಿಬಿಟ್ಟು ಚಪಾತಿ, ಶೇಂಗಾ ಚಟ್ನಿ ತಿನ್ನುವಾಗ ಮಗಳು "ಅಪ್ಪಾ, ಯಾವ ಕಡೆಯಿಂದ ಬರ್ತಿತ್ತು ಗಾಡಿ?" ಎಂದಳು. ನಾನು ತಕ್ಷಣ ಕಾಲು ಮೇಲೆತ್ತಿಕೊಂಡೆ. ಘಾಟಿನಲ್ಲಿ ಬೆಳೆದವನ ಅಭ್ಯಾಸ.