ಎಪಾಕ್ಸಿ ಅಂತ ಹೇಳಿ ಬೋಟಿನ ರೆಸಿನ್ ಬಳಿದು ಹೋಗುತ್ತಾರೆ: ಪ್ಲೈವುಡ್ ಅಕ್ವೇರಿಯಂ ಮಾಡಿಸುವವರು ಓದಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಪ್ಲೈವುಡ್‌ನಲ್ಲಿ ದೊಡ್ಡ ಟ್ಯಾಂಕ್ ಮಾಡಿಸುವ ಯೋಚನೆ ಇದ್ದವರು ದಯವಿಟ್ಟು ಪೂರ್ತಿ ಓದಿ. ನಮ್ಮ ಟ್ಯಾಂಕಿನ ಒಳಗಿನ ಕೋಟಿಂಗ್‌ಗೆ ಎಪಾಕ್ಸಿ (ರೆಸಿನ್‌ಗೆ ಹಾರ್ಡನರ್ ಬೆರೆಸಿದಾಗ ಗಟ್ಟಿಯಾಗಿ ಮರ ಹಿಡಿಯುವ ಲೇಪ) ಅಂತ ಒಪ್ಪಿಕೊಂಡು ಪಾಲಿಯೆಸ್ಟರ್ ರೆಸಿನ್ ಬಳಿದು ಹೋಗಿದ್ದಾರೆ. ಬಂದರದಲ್ಲಿ ಬೋಟ್ ರಿಪೇರಿಗೆ ಬಳಸುತ್ತಾರಲ್ಲ, ಅದೇ. 22,000 ರೂಪಾಯಿಯ ಕೆಲಸ, ನೀರು ತುಂಬಿದ 19ನೇ ದಿನಕ್ಕೆ ಕೈಯಲ್ಲೇ ಕಿತ್ತು ಬಂತು.

ಟ್ಯಾಂಕಿನ ಅಳತೆ 6 ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರ. 19 ಎಂಎಂ ಮರೈನ್ ಪ್ಲೈ, ಹಾಳೆಯ ಮೇಲೆ ಐಎಸ್ 710 (ಮರೈನ್ ಪ್ಲೈಗೆ ಇರುವ ಭಾರತೀಯ ಮಾನಕ) ಮುದ್ರೆ, ಬಿಲ್ಲಿನಲ್ಲೂ 710 ಅಂತಲೇ ಬರೆಸಿದ್ದು. 2 ಇಂಚಿನ ಸ್ಟೀಲ್ ಸ್ಕ್ರೂ, 4 ಇಂಚಿಗೆ ಒಂದರಂತೆ. ಮುಂದೆ 12 ಎಂಎಂ ಗಾಜು, ಒಳಗಿನಿಂದ ಕೂರಿಸಿದ್ದು, ಅಂದರೆ ನೀರೇ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ಇಷ್ಟರಲ್ಲಿ ಏನೂ ತಪ್ಪಿರಲಿಲ್ಲ, ಈಗಲೂ ಇಲ್ಲ.

70 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಸುಮಾರು 900 ಲೀಟರ್. ಮುಂದಿನ ಬದಿಯೊಂದರ ಮೇಲೇ ಸುಮಾರು 440 ಕೆಜಿ ಒತ್ತಡ, ಹಗಲೂ ರಾತ್ರಿ. ಆ ನೀರಿಗೂ ಮರಕ್ಕೂ ನಡುವೆ ಇರುವುದು ಒಳಗಿನ ಕೋಟಿಂಗ್ ಮಾತ್ರ. ಅದಕ್ಕೇ ಬೇರೆ ಎಲ್ಲಾ ಬಿಟ್ಟು ಕೋಟಿಂಗ್ ಒಂದನ್ನು ‘ಗೊತ್ತಿದ್ದವರ’ ಕೈಗೆ ಕೊಟ್ಟಿದ್ದು. ಫೈಬರ್ ಕೆಲಸದಲ್ಲಿ ಕೈ ಪಳಗಿದವರು, ಬೋಟು ಮಾಡಿದವರು. ಮಾತು ಸ್ಪಷ್ಟವಾಗಿ ಆಗಿತ್ತು: ಎಪಾಕ್ಸಿ, ಒಂದು ಪದರ ಗ್ಲಾಸ್ ಕ್ಲಾತ್ (ಗಾಜಿನ ಎಳೆಯ ನೇಯ್ದ ಬಟ್ಟೆ), ಮೂರು ಕೋಟು, ಸಾಮಾನು ಅವರದ್ದೇ. “ಎಪಾಕ್ಸಿನೇ ಸಾರ್, ಬೇರೆ ಯಾವ್ದು ಹಾಕೂದು” ಅಂತ ಫೋನಿನಲ್ಲಿ ಎರಡು ಸಲ ಹೇಳಿದ್ದಾರೆ.

ಈಗ ಒಂದು ಬಾಟಲಿಯ ವಿಷಯ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಕೆಲಸದ ದಿನ 5 ಕೆಜಿಯ ಡಬ್ಬಿಯ ಪಕ್ಕದಲ್ಲಿ ಇದ್ದದ್ದು ಕೆಮ್ಮಿನ ಔಷಧಿಯ ಬಾಟಲಿಯಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಬಾಟಲಿ. 100 ಎಂಎಲ್ ಇರಬಹುದು. ಹಾರ್ಡನರ್ ಎಲ್ಲಿ ಅಂತ ಕೇಳಿದ್ದಕ್ಕೆ ಅದನ್ನೇ ತೋರಿಸಿ, “ಇದು ಭಾರೀ ಸ್ಟ್ರಾಂಗ್, ಸ್ವಲ್ಪ ಸಾಕು” ಅಂದರು. ಎಪಾಕ್ಸಿ ಹಾಗೆ ಬರುವುದೇ ಇಲ್ಲ! ಅದರ ಹಾರ್ಡನರ್ ಕಂಪನಿ ನೋಡಿ 100 ಗ್ರಾಂ ರೆಸಿನ್‌ಗೆ 10 ಗ್ರಾಂ ಇರಬಹುದು, 50 ಇರಬಹುದು, ಕೆಲವಕ್ಕೆ ಸಮಸಮ. 5 ಕೆಜಿ ರೆಸಿನ್‌ಗೆ ಕಡಿಮೆ ಎಂದರೂ ಅರ್ಧ ಕೆಜಿ ಬೇಕು. ಶೇಕಡ 1ರಿಂದ 2ರಷ್ಟು, ಮುಚ್ಚಳದಲ್ಲಿ ಅಳೆದು ಹನಿ ಹಾಕುವುದು ಪಾಲಿಯೆಸ್ಟರ್ ಗಟ್ಟಿಯಾಗಲು ಬೆರೆಸುವ ಕ್ಯಾಟಲಿಸ್ಟ್. ಈ ಲೆಕ್ಕ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿ ತಲೆಯಾಡಿಸಿದ್ದಾಯಿತು. ನಾಚಿಕೆ ಆಗುವುದು ಅದಕ್ಕೇ. ಆ ಬಾಟಲಿ ಕಂಡಾಗಲೇ ಕೆಲಸ ನಿಲ್ಲಿಸಿದ್ದರೆ ಟ್ಯಾಂಕ್ ಉಳಿಯುತ್ತಿತ್ತು.

ವಾಸನೆಯೂ ಹೇಳಿತ್ತು. ಬೋಟ್ ಕಟ್ಟುವ ಶೆಡ್ಡಿನ ಬಾಗಿಲಲ್ಲೇ ಮೂಗಿಗೆ ಹೊಡೆಯುವ ಘಾಟು ಇದೆಯಲ್ಲ, ಅದು ಸ್ಟೈರೀನ್, ಪಾಲಿಯೆಸ್ಟರ್ ರೆಸಿನ್‌ನಲ್ಲಿ ಇರುವ ದ್ರಾವಕ. ಎಪಾಕ್ಸಿಗೆ ಆ ಘಾಟು ಇಲ್ಲ, ಅದರ ಹಾರ್ಡನರ್‌ಗೆ ಇರುವುದು ಅಮೋನಿಯಾದಂಥ ಬೇರೆ ವಾಸನೆ. ಹಾಕಿದ ಬಟ್ಟೆಯೂ ನೇಯ್ದ ಕ್ಲಾತ್ ಅಲ್ಲ, ಎಳೆ ಚೆಲ್ಲಾಪಿಲ್ಲಿಯಾಗಿ ಅಂಟಿಸಿದ ಬಿಳಿ ಮ್ಯಾಟ್. ಆ ಮ್ಯಾಟಿನ ಅಂಟು ಸ್ಟೈರೀನ್‌ನಲ್ಲಿ ಕರಗಲೆಂದೇ ಮಾಡಿದ್ದು, ಎಪಾಕ್ಸಿಯಲ್ಲಿ ಕರಗುವುದಿಲ್ಲ, ಬಿರುಸಾಗಿಯೇ ಉಳಿಯುತ್ತದೆ. ಅವರ ಕೈಯಲ್ಲಿ ಅದು ಮೆತ್ತಗಾಗಿ ಮೂಲೆಗೆ ಕೂತಿತ್ತು.

7 ದಿನ ಒಣಗಲು ಬಿಟ್ಟು, ಮೂರು ಹಂತದಲ್ಲಿ ನೀರು ತುಂಬಿದ್ದು. ಮೊದಲ ಎರಡು ವಾರ ಒಂದು ಹನಿ ಇಲ್ಲ. ಆಮೇಲೆ ಒಂದು ಮುಂಜಾನೆ ಸ್ಟ್ಯಾಂಡಿನ ಮರ ಕಪ್ಪಾಗಿ ಒದ್ದೆ. ಒಳಗೆ ಕೆಳಮೂಲೆಯಲ್ಲಿ ಅಂಗೈ ಅಗಲದ ಗುಳ್ಳೆ. ಅಂಚಿನಲ್ಲಿ 19 ಎಂಎಂ ಹಲಗೆ 21 ಆಗಿತ್ತು. ನೀರು ಖಾಲಿ ಮಾಡಿ ಗುಳ್ಳೆಯ ಕೆಳಗೆ ಪುಟ್ಟಿ ಹಚ್ಚುವ ಪಟ್ಟಿ ತೂರಿಸಿದರೆ ಇಡೀ ಪದರ ಎದ್ದು ಬಂತು, ಚಾಪೆಯಿಂದ ಒಣಗಿದ ಹಲಸಿನ ಹಪ್ಪಳ ಎತ್ತಿದ ಹಾಗೆ. ತಿರುಗಿಸಿ ನೋಡಿದರೆ ಹಿಂದಿನ ಮೈ ನುಣ್ಣಗೆ, ಮರದ ಒಂದು ಎಳೆಯೂ ಅಂಟಿರಲಿಲ್ಲ. ಎಪಾಕ್ಸಿ ಸರಿಯಾಗಿ ಹಿಡಿದಿದ್ದರೆ ಕೀಳುವಾಗ ಮರದ ನಾರೇ ಕಿತ್ತುಕೊಂಡು ಬರಬೇಕು. ಮೂರು ವಾರ ಆದರೂ ಅದೇ ಬೋಟ್ ಶೆಡ್ಡಿನ ಘಾಟು ಒಳಗೆ ಹಾಗೇ ಇತ್ತು. ಮೀನು ಬಿಡದೇ ಇದ್ದದ್ದು ಒಂದು ಪುಣ್ಯ.

ಕೋಟಿಂಗ್ ಮಾಡಿದವರಿಗೆ ಫೋಟೋ ಕಳಿಸಿದ ಮೇಲೆ ಬಂದ ಉತ್ತರಗಳು ಇವು.

“ಏನೂ ಆಗೂದಿಲ್ಲ ಮಾರಾಯ್ರೆ, ಸಮುದ್ರಕ್ಕೆ ಹೋಗೂ ಬೋಟಿಗೇ ಇದೇ ಹಾಕೂದು. ನಿಮ್ಮ ಮೀನಿನ ಪೆಟ್ಟಿಗೆಗೆ ಸಾಲೂದಿಲ್ವಾ?”

ಸಾಲುವುದಿಲ್ಲ. ಫೈಬರ್ ಬೋಟ್ ಅಚ್ಚಿನಲ್ಲಿ ಪದರದ ಮೇಲೆ ಪದರ ಹಾಕಿ ಮಾಡಿದ್ದು, ಅಲ್ಲಿ ಪಾಲಿಯೆಸ್ಟರ್ ಹಿಡಿಯಬೇಕಾದದ್ದು ಪಾಲಿಯೆಸ್ಟರ್ ಅನ್ನೇ. ಇಲ್ಲಿ ಹಿಡಿಯಬೇಕಾದದ್ದು ಮರವನ್ನು. ಗಟ್ಟಿಯಾಗುವಾಗ ಪಾಲಿಯೆಸ್ಟರ್ ಎಪಾಕ್ಸಿಗಿಂತ ಬಹಳ ಹೆಚ್ಚು ಕುಗ್ಗುತ್ತದೆ. ಕುಗ್ಗುವಾಗ ಮೂಲೆಯಿಂದ ಎಳೆದುಕೊಳ್ಳುತ್ತದೆ, ಮರದ ಮೇಲಿನ ಹಿಡಿತ ಮೊದಲೇ ದುರ್ಬಲ. ಬೋಟಿಗೆ ನೀರು ಬಂದರೆ ಪಂಪ್ ಹಾಕಿ ಹೊರಗೆ ಚೆಲ್ಲುತ್ತಾರೆ, ಮಳೆಗಾಲದಲ್ಲಿ ದಡಕ್ಕೆ ಎಳೆದು ಒಣಗಿಸುತ್ತಾರೆ. ಮನೆಯ ಚಾವಡಿಯ ಟ್ಯಾಂಕಿಗೆ ಅದು ಆಗುವ ಮಾತೇ?

ಎರಡನೇ ಉತ್ತರ: “ನಿಮ್ಮ ಪ್ಲೈವುಡ್ಡೇ ಸರಿ ಇಲ್ಲ.” ಉಳಿದ ತುಂಡನ್ನು ಬಚ್ಚಲ ಒಲೆಯ ಮೇಲೆ ಹಳೇ ಪಾತ್ರೆಯಲ್ಲಿ 8 ತಾಸು ಕುದಿಸಿದ್ದಾಯಿತು. ಒಂದು ಪದರವೂ ಬಿಡಲಿಲ್ಲ. 710ಕ್ಕೆ 72 ತಾಸು ಕುದಿಸುವ ಪರೀಕ್ಷೆಯೇ ಇದೆ. ಅಂಟು ಬಿಡದಿದ್ದರೂ ಮರ ನೀರು ಕುಡಿಯುತ್ತದೆ, ಉಬ್ಬುತ್ತದೆ. ಮರೈನ್ ಪ್ಲೈಗೂ ಕೋಟಿಂಗ್ ಬೇಕಾಗುವುದು ಅದಕ್ಕೇ. ಈ ಫೋಟೋಕ್ಕೆ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಮೂರನೆಯದು: “ರಸೀದಿಯಲ್ಲಿ ಎಪಾಕ್ಸಿ ಅಂತ ಎಲ್ಲಿ ಉಂಟು?” ಇಲ್ಲ. ‘ಫೈಬರ್ ಕೋಟಿಂಗ್, 1’ ಅಂತ ಇದೆ, ಅಷ್ಟೇ. ಪ್ಲೈವುಡ್ ಬಿಲ್ಲಿನಲ್ಲಿ 710 ಬರೆಸಿಕೊಳ್ಳುವಷ್ಟು ಬುದ್ಧಿ ಇದ್ದು ಇಲ್ಲಿ ಬರೆಸಿಕೊಳ್ಳಲಿಲ್ಲ.

ಕೊನೆಗೆ: “ಮೇಲಿಂದ ಇನ್ನೊಂದು ಕೋಟ್ ಹೊಡೆದು ಕೊಡ್ತೆ, 5,000 ಕೊಡಿ.” ಇದಕ್ಕೆ ಯಾರೂ ಒಪ್ಪಬೇಡಿ. ಕೆಳಗಿನ ಪದರವೇ ಮರ ಹಿಡಿಯದಿದ್ದಾಗ ಮೇಲೆ ಎಷ್ಟು ಹೊಡೆದರೂ ಎಲ್ಲ ಒಟ್ಟಿಗೇ ಏಳುತ್ತದೆ, ಒಳಗಿನ ತೇವಕ್ಕೂ ದಾರಿ ಮುಚ್ಚುತ್ತದೆ.

ಹಾಗಾಗಿ ರೆಸಿನ್ ನೀವೇ ತನ್ನಿ. ಇಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ತರಿಸಿ. ಈ ಅಳತೆಗೆ ಒಳಮೈ ನಾಲ್ಕು ಚದರ ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಬಟ್ಟೆ ನೆನೆಯುವುದೂ ಸೇರಿ ಮೂರು ಕೋಟಿಗೆ 5 ಕೆಜಿ ಎಪಾಕ್ಸಿ ಸಾಕು. ಅಳತೆ ತೂಕದ ಯಂತ್ರದಲ್ಲಿ, ಡಬ್ಬಿಯ ಮೇಲೆ ಬರೆದಷ್ಟೇ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಹೆಚ್ಚು ಹಾಕಿದರೆ ಎಪಾಕ್ಸಿ ಮೆತ್ತಗೆ ಉಳಿಯುತ್ತದೆ. ಒಳಮೂಲೆಗಳಿಗೆ ಎಪಾಕ್ಸಿಯಲ್ಲಿ ನಯವಾದ ಮರದ ಪುಡಿ ಕಲಸಿ ಬೆರಳ ದಪ್ಪದ ಗುಂಡಗಿನ ಅಂಚು ಕೊಡಿ, ಚೂಪು ಮೂಲೆಯಲ್ಲಿ ಬಟ್ಟೆ ಬಗ್ಗದೆ ಕೆಳಗೆ ಗಾಳಿ ನಿಲ್ಲುತ್ತದೆ. ಪೈಪಿಗೆ ಕೊರೆದ ತೂತಿನ ಒಳ ಅಂಚಿಗೆ ಎರಡು ಸಲ ಹೆಚ್ಚಿಗೆ ಬಳಿಯಿರಿ, ಪ್ಲೈ ಹೆಚ್ಚು ನೀರು ಕುಡಿಯುವುದು ಅಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಈ ಕೆಲಸ ಬೇಡ. ತೇವದ ಗಾಳಿಗೆ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಅದನ್ನು ನೀರು ಹಾಕಿ ತಿಕ್ಕಿ ತೊಳೆಯದೆ ಮುಂದಿನ ಕೋಟು ಹಿಡಿಯುವುದಿಲ್ಲ. ಗಾಜು ಅಂಟಿಸುವ ಸಿಲಿಕಾನ್ ಹಚ್ಚುವುದು ಎಪಾಕ್ಸಿ ಪೂರ್ತಿ ಗಟ್ಟಿಯಾದ ಮೇಲೆ. ಬಚ್ಚಲಿಗೆ ಬಳಸುವ ಬೂಷ್ಟು ನಿರೋಧಕ ಸಿಲಿಕಾನ್ ಮಾತ್ರ ಬೇಡವೇ ಬೇಡ, ಅದರ ಔಷಧಿ ಮೀನಿಗೆ ವಿಷ.

ಕೆಲಸ ಬೇರೆಯವರಿಗೆ ಕೊಟ್ಟರೂ ಡಬ್ಬಿ ನಿಮ್ಮೆದುರೇ ಒಡೆಯಲಿ. ಸಣ್ಣ ಬಾಟಲಿ ಹೊರಗೆ ಬಂದರೆ ಅಲ್ಲಿಗೇ ನಿಲ್ಲಿಸಿ, ಮರ್ಯಾದೆ ನೋಡಬೇಡಿ. ರಸೀದಿಯಲ್ಲಿ ‘ಎಪಾಕ್ಸಿ’ ಅಂತ ಬರೆಸಿ. 5 ಲಕ್ಷದೊಳಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವೇ ಇಲ್ಲ, ಆದರೆ ತೋರಿಸಲು ಆ ಒಂದು ಪದ ಬೇಕು.

ಈಗ ಟ್ಯಾಂಕಿನ ತಳ ಬಿಚ್ಚಿ ಹೊರಗೆ ಗಾಳಿಗೆ ನಿಲ್ಲಿಸಿದೆ. ಉಳಿದ ಬದಿಗಳ ಪದರವನ್ನೂ ಕಿತ್ತು, 60 ನಂಬರ್ ಪಾಲಿಶ್ ಪೇಪರ್‌ನಲ್ಲಿ ಮರ ಕಾಣುವವರೆಗೆ ಉಜ್ಜಬೇಕು. ಪಾಲಿಯೆಸ್ಟರ್ ಉಳಿದ ಜಾಗದ ಮೇಲೆ ಹೊಸ ಎಪಾಕ್ಸಿ ಬಳಿದು ಪ್ರಯೋಜನ ಇಲ್ಲ. ಡಿಸೆಂಬರ್‌ವರೆಗೆ ಕಾಯುವುದೇ. ನಿನ್ನೆ ಮತ್ತೆ ಫೋನ್ ಮಾಡಿದ್ದಕ್ಕೆ ಅತ್ತ ಕಡೆಯಿಂದ ಬಂದದ್ದು ಇಷ್ಟು: “ಮಳೆ ಮುಗೀಲಿ, ನೋಡುವಾ.”