ಪಲ್ಪರ್ ಬೇರಿಂಗಿಗೆ ಯಾವುದು: ಮೂರು ಗ್ರೀಸು, ಒಂದು ಸೀಲ್ಡ್ ಬೇರಿಂಗ್

ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್ ಓಡುವುದು ವರ್ಷಕ್ಕೆ ಮೂರರಿಂದ ಐದು ತಿಂಗಳು. ಗಿರಿ ಕಡೆಯ ಅರೇಬಿಕಾಕ್ಕೆ ನವೆಂಬರಿನಿಂದ ಜನವರಿ, ಮೂಡಿಗೆರೆ ಕಡೆ ರೊಬಸ್ಟಾವನ್ನೂ ಪಲ್ಪ್ ಮಾಡುವವರಿಗೆ ಮಾರ್ಚ್‌ವರೆಗೆ. ಉಳಿದಷ್ಟು ದಿನ ಯಂತ್ರ ತೇವ ಹಿಡಿದ ಪಲ್ಪ್ ಹೌಸಿನಲ್ಲಿ ಸುಮ್ಮನೆ ನಿಂತಿರುತ್ತದೆ. ಬೇರಿಂಗ್ ಬಹುಪಾಲು ಕೆಡುವುದೂ ಆಗಲೇ. ನವೆಂಬರಿನಲ್ಲಿ ಸ್ವಿಚ್ ಹಾಕಿದ ಕೂಡಲೇ ಗರಗರ ಎನ್ನುವ ಬೇರಿಂಗು ತುಕ್ಕು ಹಿಡಿದಿದ್ದು ಜುಲೈ ಮಳೆಯಲ್ಲಿ. ಹಾಗಾಗಿ ಈ ಹೋಲಿಕೆಯಲ್ಲಿ ಒಂದೊಂದು ಗ್ರೀಸಿಗೂ ಎರಡು ಪರೀಕ್ಷೆ: ಹಂಗಾಮಿನಲ್ಲಿ ಹೇಗಿತ್ತು, ಮಳೆಗಾಲ ಕಳೆದು ಬಿಚ್ಚಿದಾಗ ಹೇಗಿತ್ತು.

ಹಾಕಿ ನೋಡಿದ್ದು 30 ಎಂಎಂ ಶಾಫ್ಟಿನ ಮೇಲೆ ಕೂರುವ ಯುಸಿಪಿ 206 ಪ್ಲಮ್ಮರ್ ಬ್ಲಾಕುಗಳಿಗೆ, ಅಂದರೆ ಬೇರಿಂಗನ್ನು ಹಿಡಿದು ಕೂರಿಸುವ ಗೂಡುಗಳಿಗೆ. ಊರಿನಲ್ಲಿ ಮಾಡಿದ ಪಲ್ಪರ್, ಬೀಜದ ಲೋಳೆ ತೊಳೆಯುವ ವಾಷರುಗಳಲ್ಲಿ ಹೆಚ್ಚಾಗಿ ಕಾಣುವುದು ಇವೇ. ಪಲ್ಪರ್ ಶಾಫ್ಟ್ ನಿಧಾನಕ್ಕೆ ತಿರುಗುತ್ತದೆ, ಬೇರಿಂಗು ಕೈಯಿಟ್ಟರೆ ಬೆಚ್ಚಗಿರುತ್ತದೆ ಅಷ್ಟೆ. ಇಲ್ಲಿ ಬಿಸಿಯ ಕಾಟವಿಲ್ಲ, ಕಾಟವೆಲ್ಲ ನೀರಿನದು. ಅದೂ ಬರೀ ನೀರಲ್ಲ, ಹಣ್ಣಿನ ಲೋಳೆ ಬೆರೆತ ಸಿಹಿನೀರು. ರಾತ್ರಿ ಕಳೆಯುವುದರೊಳಗೆ ಅದು ಹುದುಗಿ ಹುಳಿಯಾಗುತ್ತದೆ, ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ. ಶಾಫ್ಟ್ ಗುಂಟ ಹರಿದು ಬಂದ ಆ ಹುಳಿನೀರು ಬೇರಿಂಗಿನ ಬಾಯಿ ಮುಚ್ಚುವ ರಬ್ಬರ್ ಸೀಲಿನ ತುಟಿ ದಾಟಿತೆಂದರೆ ಗುಂಡುಗಳ ಹೊಳಪು ಹೋಗುವುದಕ್ಕೆ ಒಂದು ವಾರ ಸಾಕು.

ಮೊದಲು ಚಾಸಿ ಗ್ರೀಸು. ಇದು ಕ್ಯಾಲ್ಸಿಯಂ ಸೋಪಿನದು (ಗ್ರೀಸಿನಲ್ಲಿ ಎಣ್ಣೆಯನ್ನು ಗಟ್ಟಿಯಾಗಿ ಹಿಡಿದಿಡುವ ವಸ್ತುವಿಗೆ ಸೋಪು ಎನ್ನುತ್ತಾರೆ), ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗ. ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಕೆಟ್ಟಿನಲ್ಲಿ ಅದ್ದಿ ತೆಗೆದರೆ ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ನೀರು ಜಾರಿ ಹೋಗುತ್ತದೆ. 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಿಲ್ಲುವುದಿಲ್ಲ, 100ರ ಹತ್ತಿರ ಕರಗಿಯೇ ಹೋಗುತ್ತದೆ. ಪಲ್ಪರಿಗೆ ಆ ಮಿತಿ ಅಡ್ಡ ಬರಲಿಲ್ಲ. ಜೋರಾಗಿ ತಿರುಗುವ ವಾಷರಿನಲ್ಲಿ ಮಾತ್ರ ಸೋತಿತು: ಎಣ್ಣೆ ಬೇರೆಯಾಗಿ ಸೋರಿ, ಒಳಗೆ ಒಣ ಸೋಪು ಉಳಿಯಿತು. ಮಳೆಗಾಲದ ಪರೀಕ್ಷೆಯಲ್ಲಿ ಅರ್ಧ ಪಾಸು. ಗ್ರೀಸ್ ಕೂತಿದ್ದ ಕಡೆ ಲೋಹ ಚೆನ್ನಾಗಿತ್ತು, ಸರಿದ ಕಡೆ ಕೆಂಪು ಚುಕ್ಕೆ. ಗನ್‌ಮೆಟಲ್ ಬುಷ್ಷು, ತಿರುಗಿಸಿ ಒತ್ತುವ ಗ್ರೀಸ್ ಕಪ್ಪು ಇರುವ ಹಳೇ ಡ್ರಮ್ ಪಲ್ಪರ್ ಇದ್ದವರು ಬೇರೆ ಏನನ್ನೂ ಹುಡುಕಬೇಕಿಲ್ಲ, ಇದೇ ಸಾಕು.

ಎಪಿ-3 ಎಲ್ಲರ ಶೆಡ್ಡಿನಲ್ಲೂ ಇರುವ ಲಿಥಿಯಂ ಗ್ರೀಸು. ಸುಮಾರು 180 ಡಿಗ್ರಿವರೆಗೆ ಕರಗದು, ಜೀಪು, ಟಿಲ್ಲರು, ಪಂಪು ಎಲ್ಲಕ್ಕೂ ಸಲ್ಲುತ್ತದೆ. ಹಂಗಾಮಿನಲ್ಲಿ ದೂರು ಹೇಳುವಂಥದ್ದೇನೂ ಇರಲಿಲ್ಲ, ಆದರೆ ದಿನಾ ಸಂಜೆ ಗ್ರೀಸ್ ಗನ್ನಿನಿಂದ ಹೊಡೆಯಬೇಕು. ಎರಡು ದಿನ ಮರೆತರೆ ಹೊರಬರುವ ಗ್ರೀಸು ಇಡ್ಲಿ ಹಿಟ್ಟಿನಂತೆ ಬೆಳ್ಳಗೆ, ಸಡಿಲವಾಗಿರುತ್ತದೆ. ನೀರು ಬೆರೆತು ಸೋಪು ಮೆತ್ತಗಾಗಿರುವ ಗುರುತು ಅದು. ಹೆಸರಿನಲ್ಲಿರುವ 3 ಗಟ್ಟಿತನದ ದರ್ಜೆ. ಗಿರಿಯ ಡಿಸೆಂಬರ್ ಚಳಿಗೆ ಇದು ಗನ್ನಿನೊಳಗೇ ಬಿಗಿದುಕೊಂಡು ಮಧ್ಯೆ ಗಾಳಿ ಸೇರುತ್ತದೆ, ಲಿವರ್ ಆಡುತ್ತದೆ, ಗ್ರೀಸು ಬರುವುದಿಲ್ಲ. ಅದೇ ಲಿಥಿಯಂನಲ್ಲಿ 2ನೇ ದರ್ಜೆಯ ಇಪಿ-2 ಕೇಳಿ ತಂದರೆ ಈ ರಗಳೆ ತಪ್ಪುತ್ತದೆ. ಮಳೆಗಾಲ ಕಳೆದು ಬಿಚ್ಚಿದಾಗ ಎಪಿ-3 ಹಾಕಿದ್ದ ಬೇರಿಂಗಿನ ಒಳಸುತ್ತಿನಲ್ಲಿ, ಗುಂಡುಗಳು ಕೂತಿದ್ದ ಅಂತರಕ್ಕೆ ಸರಿಯಾಗಿ, ಸಾಲಾಗಿ ಕಪ್ಪು ಕಲೆಗಳಿದ್ದವು. ಓಡುವ ಬೇರಿಂಗಿಗೆ ಒಳ್ಳೆಯ ಗ್ರೀಸು, ನಿಂತ ಬೇರಿಂಗಿಗೆ ಅಷ್ಟಕ್ಕಷ್ಟೆ.

ಮೂರನೆಯದು ಕ್ಯಾಲ್ಸಿಯಂ ಸಲ್ಫೊನೇಟ್. ಡಬ್ಬಿಯ ಮೇಲೆ ಮರೀನ್ ಎಂದು ಬರೆದದ್ದನ್ನೆಲ್ಲ ನಂಬಬೇಡಿ. ಬರೀ ನೀಲಿ ಬಣ್ಣ ಬೆರೆಸಿದ ಲಿಥಿಯಂ ಕೂಡ ಆ ಹೆಸರಿನಲ್ಲಿ ಸಿಗುತ್ತದೆ. ಬಣ್ಣ ಏನನ್ನೂ ಹೇಳುವುದಿಲ್ಲ, ಸೋಪಿನ ಹೆಸರು ಓದಬೇಕು. ಈ ಗ್ರೀಸಿನ ಗುಣ ವಿಚಿತ್ರ: ನೀರನ್ನು ತಳ್ಳುವುದಿಲ್ಲ, ಒಂದಷ್ಟು ಹೀರಿಕೊಂಡು ಇನ್ನೂ ಗಟ್ಟಿಯಾಗಿ ಅಂಟಿ ಕೂರುತ್ತದೆ. ತುಕ್ಕು ತಡೆಯುವ ಗುಣಕ್ಕೆ ಬೇರೆ ಮದ್ದು ಬೆರೆಸಬೇಕಿಲ್ಲ, ಅದು ಸೋಪಿನಲ್ಲೇ ಇದೆ. ಹುಳಿಯನ್ನೂ ಒಂದಿಷ್ಟು ಮುರಿಯುತ್ತದೆ. ಮೂರು ದಿನಕ್ಕೊಮ್ಮೆ ಹೊಡೆದರೂ ಹೊರಬಂದ ಗ್ರೀಸು ಬೆಳ್ಳಗಾಗಿರಲಿಲ್ಲ. ಮಳೆಗಾಲದ ಪರೀಕ್ಷೆಯಲ್ಲಿ ಪೂರ್ತಿ ಅಂಕ ಇದಕ್ಕೊಂದಕ್ಕೇ. ಬೆಲೆ ಎಪಿ-3ರ ದುಪ್ಪಟ್ಟಿಗೂ ಮೇಲೆ, ಚಿಕ್ಕ ಪೇಟೆಯ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದೂ ಇಲ್ಲ. ಆದರೆ ನಾಲ್ಕೈದು ಬ್ಲಾಕುಗಳಿಗೆ ಒಂದು ಕಿಲೋ ಡಬ್ಬಿ ಹಂಗಾಮು ದಾಟಿಸುತ್ತದೆ.

ಗ್ರೀಸು ಹೊಡೆಯುವ ನಿಪ್ಪಲ್ಲೇ ಇಲ್ಲದ 6206-2ಆರ್‌ಎಸ್ ಸೀಲ್ಡ್ ಬೇರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಗ್ರೀಸಿನ ತಲೆನೋವೇ ಇಲ್ಲ’ ಎಂದು ಕೊಡುತ್ತಾರೆ. ಒಳಗೆ ಹೋದ ನೀರನ್ನು ಹೊರದಬ್ಬುವ ದಾರಿಯೂ ಇಲ್ಲ. ಮೋಟಾರಿಗೆ ಸರಿ, ಪಲ್ಪರ್ ಶಾಫ್ಟಿಗೆ ಬೇಡ.

ಎಷ್ಟು ಹೊಡೆಯಬೇಕು? ಬೇರಿಂಗಿನ ಹೊರವ್ಯಾಸ, ಹೊರಸುತ್ತಿನ ಅಗಲ, ಎರಡನ್ನೂ ಎಂಎಂನಲ್ಲಿ ಅಳೆದು ಗುಣಿಸಿ, 0.005ರಿಂದ ಮತ್ತೆ ಗುಣಿಸಿದರೆ ಗ್ರಾಂ ಲೆಕ್ಕ ಸಿಗುತ್ತದೆ. 206ಕ್ಕೆ 62 × 19 × 0.005, ಅಂದರೆ ಸುಮಾರು 6 ಗ್ರಾಂ. ಗನ್ನಿನಿಂದ ಹತ್ತು ಸ್ಟ್ರೋಕ್ ಕಾಗದದ ಮೇಲೆ ಹೊಡೆದು ತೂಗಿ ನೋಡಿ, ನಿಮ್ಮ ಗನ್ನಿನಲ್ಲಿ ಒಂದು ಸ್ಟ್ರೋಕಿಗೆ ಎಷ್ಟು ಬರುತ್ತದೆ ಎಂಬುದು ಗೊತ್ತಾಗುತ್ತದೆ. ಲಿವರ್ ಗನ್ನಿನಲ್ಲಿ ಸಾಮಾನ್ಯವಾಗಿ ಒಂದು ಗ್ರಾಂ ಆಚೀಚೆ. ನೀರಿನ ಕೆಲಸದಲ್ಲಿ ಆರನ್ನೂ ಒಟ್ಟಿಗೆ ಹೊಡೆಯುವುದಕ್ಕಿಂತ ಹಂಚಿ ಹೊಡೆಯುವುದು ಮೇಲು. ಹಣ್ಣು ತೂಗಿ ಆದ ಮೇಲೆ ಶುರುವಾದ ಪಲ್ಪಿಂಗ್ ಮುಗಿಯುವುದು ರಾತ್ರಿ. ಎಲ್ಲರಿಗೂ ಮನೆಗೆ ಹೋಗುವ ಅವಸರ. ಆದರೂ ಯಂತ್ರ ತೊಳೆಯುವ ಮೊದಲು ಎರಡು ಸ್ಟ್ರೋಕ್, ತೊಳೆದ ಮೇಲೆ ಐದು ನಿಮಿಷ ಖಾಲಿ ಓಡಿಸಿ ಒಂದು ಸ್ಟ್ರೋಕ್. ಮೊದಲಿನ ಎರಡು ಯಾಕೆಂದರೆ, ಬೆಚ್ಚಗಿರುವ ಬ್ಲಾಕಿಗೆ ತಣ್ಣೀರು ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ತುಟಿಯಿಂದ ನೀರೆಳೆದುಕೊಳ್ಳುತ್ತದೆ. ತುಟಿಯ ಸುತ್ತ ಗ್ರೀಸಿನ ಬಳೆ ಇದ್ದರೆ ಎಳೆಯುವುದಕ್ಕೆ ನೀರು ಸಿಗುವುದಿಲ್ಲ. ಪೈಪಿನ ಧಾರೆಯನ್ನು ನೇರ ಬ್ಲಾಕಿಗೆ ಹಿಡಿದರೆ ಯಾವ ಗ್ರೀಸು ಹಾಕಿಯೂ ಹೊಳೆಯಲ್ಲಿ ಹುಣಸೆಹಣ್ಣು ಕಲಸಿದಂತೆಯೇ.

ಗನ್ ಹೊಡೆಯುವಾಗ ಮೇನ್ ಸ್ವಿಚ್ ಆಫ್ ಮಾಡಿ, ಪುಲ್ಲಿಯನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸುತ್ತಿರಿ. ನಿಂತ ಶಾಫ್ಟಿಗೆ ಹೊಡೆದ ಗ್ರೀಸು ಒಂದೇ ಬದಿಗೆ ತುಂಬುತ್ತದೆ. ಲಿವರ್ ಬಿಗಿಯಾಯಿತೆಂದು ಬಲ ಹಾಕಬೇಡಿ. ಕೈಗನ್ನಿನ ಒತ್ತಡ ಐದು ಸಾವಿರ ಪಿಎಸ್‌ಐ ಮೀರುತ್ತದೆ, ಸೀಲು ಕಿತ್ತು ಹೊರಬರುತ್ತದೆ. ಬಿಗಿಯಾದರೆ ನಿಪ್ಪಲ್ ಬಿಚ್ಚಿ ನೋಡಿ, ಬಹಳ ಸಲ ಒಣಗಿದ ಗ್ರೀಸು ಅದರ ಬಾಯಲ್ಲೇ ಕಟ್ಟಿರುತ್ತದೆ. ನಿಧಾನಕ್ಕೆ ತಿರುಗುವ ಪಲ್ಪರ್ ಬೇರಿಂಗನ್ನು ಪೂರ್ತಿ ತುಂಬಿದರೂ ಅಡ್ಡಿಯಿಲ್ಲ, ಕೊಳೆ ಒಳಬರಲು ಜಾಗ ಉಳಿಯುವುದಿಲ್ಲ. ವಾಷರಿನದು ಅರ್ಧದಷ್ಟೇ ತುಂಬಿರಲಿ. ಹೆಚ್ಚಾದರೆ ಕಡೆದು ಕಡೆದು ಬಿಸಿಯಾಗುತ್ತದೆ.

ಹೊರಬಂದ ಗ್ರೀಸನ್ನು ಒರೆಸಿ ಎಸೆಯುವ ಮೊದಲು ಬೆರಳಲ್ಲಿ ಉಜ್ಜಿ ನೋಡಿ. ಬಿಳುಪು ನೀರಿನದು, ಕೆಂಗಂದು ತುಕ್ಕಿನದು, ಹುಳಿವಾಸನೆ ಲೋಳೆಯದು. ಮಿನುಗುವ ಪುಡಿ ಕಂಡರೆ ಗ್ರೀಸಿನ ಮಾತು ಮುಗಿಯಿತು, ಬೇರಿಂಗ್ ತರಿಸಿ.

ಶಾಫ್ಟ್ ಮೇಲೆ, ಯಂತ್ರದ ಬದಿಯ ತಗಡಿಗೂ ಬ್ಲಾಕಿಗೂ ನಡುವೆ, ಒಂದು ರಬ್ಬರ್ ವಿ-ರಿಂಗ್ ಹಾಕಿದರೆ ಹರಿದು ಬರುವ ನೀರು ಅಲ್ಲೇ ಸಿಡಿದು ಬೀಳುತ್ತದೆ. ಅದು ಸಿಗದಿದ್ದರೆ ಸೈಕಲ್ ಟ್ಯೂಬಿನಿಂದ ಬಳೆಯಂತೆ ಕತ್ತರಿಸಿ ಎರಡು ಸುತ್ತು ಬಿಗಿದರೂ ನಡೆಯುತ್ತದೆ. ಚಾಸಿ ಗ್ರೀಸಿನಿಂದ ಸಲ್ಫೊನೇಟಿಗೆ ಬದಲಾಯಿಸಿದಷ್ಟೇ ಗುಣ ಈ ತುಂಡು ರಬ್ಬರಿನಿಂದಲೂ ಕಂಡಿತು.

ಗ್ರೀಸು ಬದಲಿಸುವವರು ಹಳೆಯದರ ಮೇಲೆ ಹೊಸದನ್ನು ಸುಮ್ಮನೆ ಹೊಡೆಯಬಾರದು. ಸೋಪು ಸೋಪಿಗೆ ಆಗಿಬರದಿದ್ದರೆ ಎರಡೂ ನೀರಾಗಿ ಸೋರುತ್ತವೆ. ಹೊಸ ಬಣ್ಣ ಸುತ್ತಲೂ ಕಾಣುವ ತನಕ ಹಳೆಯದನ್ನು ಹೊರದಬ್ಬಿ, ಅರ್ಧ ಗಂಟೆ ಓಡಿಸಿ, ಇನ್ನೊಮ್ಮೆ ದಬ್ಬಿ. ಗನ್ನೂ ಬೇರೆಯೇ ಇರಲಿ.

ಹಂಗಾಮು ಮುಗಿದ ದಿನ ಸಲ್ಫೊನೇಟನ್ನು ತುಂಬಿ ತುಳುಕುವಷ್ಟು ಹೊಡೆದು, ಹೊರಬಂದದ್ದನ್ನು ಒರೆಸದೆ ಹಾಗೇ ಬಿಡುವುದು ನಮ್ಮ ಆಯ್ಕೆ. ಹಂಗಾಮಿನ ದಿನಗಳಿಗೆ ಇಪಿ-2 ಸಾಕು ಎನ್ನುವವರೂ ಈ ಒಂದು ಸಲಕ್ಕಾದರೂ ಡಬ್ಬಿ ತರಿಸುವುದು ಒಳ್ಳೆಯದು. ಆಗ ಮೇಲೆ ಹೇಳಿದಂತೆ ಹಳೆಯದನ್ನು ಪೂರ್ತಿ ದಬ್ಬಬೇಕು, ನವೆಂಬರಿನಲ್ಲಿ ಇಪಿ-2ಕ್ಕೆ ಮರಳುವಾಗಲೂ ಅಷ್ಟೆ. ಬೆಲ್ಟ್ ಸಡಿಲಿಸಿ, ಬಿಗಿದ ಬೆಲ್ಟು ಗುಂಡುಗಳನ್ನು ಒಂದೇ ಜಾಗಕ್ಕೆ ಒತ್ತುತ್ತಿರುತ್ತದೆ. ಪ್ಲಾಸ್ಟಿಕ್ ಸುತ್ತಬೇಡಿ, ಒಳಗೇ ಬೆವರುತ್ತದೆ. ಪುಲ್ಲಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಹದಿನೈದು ದಿನಕ್ಕೊಮ್ಮೆ ಎರಡು ಸುತ್ತು ತಿರುಗಿಸಿ, ಗೆರೆ ಹಿಂದಿನ ಸಲಕ್ಕಿಂತ ಕಾಲು ಸುತ್ತು ಮುಂದೆ ನಿಲ್ಲುವಂತೆ ಬಿಡಿ.